ಚಾರಿಷನ್: ಗ್ರೀಕ್ ಪ್ರಹಸನದ ಸೆರೆಯಾಳು ನಾಯಕಿ

ಚಾರಿಷನ್ ಪ್ರಾಚೀನ ಗ್ರೀಕ್ ಪ್ರಹಸನವೊಂದರ ನಾಯಕಿ. ಗ್ರೀಕ್ ಉಚ್ಚಾರಣೆಯಲ್ಲಿ ಅವಳು ಖಾರಿತಿಯೋನ್. ಚೆಲುವು, ಅನುಗ್ರಹ ಎಂಬ ಅರ್ಥದ ‘ಖಾರಿಸ್’ ಶಬ್ದದಿಂದ ಬಂದ ಮುದ್ದಿನ ಹೆಸರು ಇದು. ಭಾರತದ ಕಡಲತೀರದ ಅರಸನೊಬ್ಬನ ಕೈಗೆ ಸಿಕ್ಕಿ, ಚಂದ್ರದೇವತೆ ಸೆಲೆನೆಯ ಗುಡಿಯಲ್ಲಿ ಸೆರೆಯಾಗಿರುವ ಗ್ರೀಕ್ ಯುವತಿ ಇವಳು. ಕನ್ನಡದಲ್ಲಿ ಈ ಪ್ರಹಸನದ ಮಾತು ಬಂದಾಗಲೆಲ್ಲ ಅದರೊಳಗೆ ಕನ್ನಡ ಪದಗಳಿವೆಯೇ ಎಂಬುದೇ ಚರ್ಚೆಯಾಗಿ, ನಾಯಕಿ ಮೂಲೆಗೆ ಸರಿಯುತ್ತಾಳೆ.

ಕೃತಿ ಸಿಕ್ಕಿದ್ದು ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ದಿಬ್ಬಗಳಲ್ಲಿ. ಅಲ್ಲಿ ಅಗೆದ ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ 1903ರಲ್ಲಿ ಇದನ್ನು 413ನೆಯ ಪಪೈರಸ್ ಎಂದು ಪ್ರಕಟಿಸಿದರು. ಹಾಳೆ ಸುಮಾರು ಕ್ರಿ.ಶ. 2ನೆಯ ಶತಮಾನದ್ದು, ಕವಿಯ ಹೆಸರಿಲ್ಲ, ಮೊದಲ ಭಾಗ ಕಳೆದುಹೋಗಿದೆ. ಇದು ಓದಲೆಂದು ಬರೆದ ಪ್ರತಿಯಲ್ಲ, ರಂಗದ ಮೇಲೆ ಬಳಸುವ ಪ್ರತಿ. ಮಾತಾಡುವವರನ್ನು ಬರಿಯ ಅಕ್ಷರಗಳಿಂದ ಸೂಚಿಸಲಾಗಿದೆ, ಎಲ್ಲೆಲ್ಲಿ ವಾದ್ಯ ಬಡಿಯಬೇಕೆಂಬ ಗುರುತುಗಳಿವೆ. ಡೊಂಬಿವಲಿ, ಠಾಣೆಗಳ ಸಭಾಂಗಣಗಳಲ್ಲಿ ಯಕ್ಷಗಾನ ನೋಡುವ ಕರಾವಳಿಯವರಿಗೆ ಇದರ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಪದ್ಯ, ಗದ್ಯ, ಕುಣಿತ, ವಾದ್ಯದ ಪೆಟ್ಟು, ನಡುವೆ ಬಾಯಿಗೆ ಬಂದಂತೆ ಮಾತಾಡುವ ಹಾಸ್ಯಗಾರ.

ಅರಸ ಚಾರಿಷನ್‌ಳನ್ನು ದೇವಿಗೆ ಬಲಿ ಕೊಡಲು ಹೊರಟಿದ್ದಾನೆ. ಅಷ್ಟರಲ್ಲಿ ಅವಳ ಅಣ್ಣ ಹಡಗಿನಲ್ಲಿ ಸಂಗಡಿಗರೊಂದಿಗೆ ಬಂದು ತಲುಪುತ್ತಾನೆ. ಜೊತೆಗೊಬ್ಬ ವಿದೂಷಕ. ಬೇಟೆಯಿಂದ ಬಿಲ್ಲು ಹಿಡಿದು ಮರಳುವ ಸ್ಥಳೀಯ ಹೆಂಗಸರನ್ನು ಇವನು ಓಡಿಸುವುದು ಹೂಸಿನ ಬಲದಿಂದ. ಅದನ್ನೇ ದೇವತೆಯೆಂದು ಪ್ರಾರ್ಥಿಸುವುದೂ ಉಂಟು. ಕೊನೆಗೆ ಅಣ್ಣ ಅರಸನಿಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸುತ್ತಾನೆ. ಗ್ರೀಕರೇ ನೀರು ಬೆರೆಸದೆ ಕುಡಿಯುತ್ತಿರಲಿಲ್ಲ. ಅಮಲೇರಿದ ಅರಸನನ್ನು ಗುಡಿಯ ಪವಿತ್ರ ಪಟ್ಟಿಗಳಿಂದಲೇ ಕಟ್ಟಿ ಎಲ್ಲರೂ ಹಡಗು ಹತ್ತುತ್ತಾರೆ. ಕುಡಿಸಿ ಗೆಲ್ಲುವ ಉಪಾಯ ಹೋಮರನ ‘ಒಡಿಸ್ಸಿ’ಯಿಂದ ಬಂದದ್ದು, ಒಂಟಿಕಣ್ಣಿನ ದೈತ್ಯನನ್ನು ಒಡಿಸ್ಯೂಸ್ ಹೀಗೆಯೇ ಮಲಗಿಸಿದ್ದ.

ಸೆರೆಯಲ್ಲಿರುವ ಹೆಣ್ಣು, ಕಡಲಾಚೆಯಿಂದ ಬರುವ ಬಂಧು ಎಂದೊಡನೆ ನಮಗೆ ಸೀತೆ ನೆನಪಾಗುತ್ತಾಳೆ. ಗ್ರೀಕ್ ಪ್ರೇಕ್ಷಕರಿಗೆ ನೆನಪಾಗುತ್ತಿದ್ದವಳು ಇಫಿಗೇನಿಯಾ. ಟ್ರಾಯ್‌ಗೆ ಹೊರಟ ಹಡಗುಗಳಿಗೆ ಗಾಳಿ ಬೀಸಲೆಂದು ತಂದೆ ಅಗಮೆಮ್ನನ್ ಬಲಿಗೊಡ್ಡಿದ ಮಗಳು. ಕ್ರಿ.ಪೂ. 458ರ ಈಸ್ಕಿಲಸನ ‘ಅಗಮೆಮ್ನನ್’ ನಾಟಕದಲ್ಲಿ ಅವಳು ಬಾಯಿ ಕಟ್ಟಿಸಿಕೊಂಡು ಬಲಿಪೀಠಕ್ಕೇರುವ ಮೂಕಿ. ಯೂರಿಪಿಡೀಸ್ ಸುಮಾರು ಕ್ರಿ.ಪೂ. 414ರಲ್ಲಿ ಅವಳನ್ನು ಬದುಕಿಸಿದ. ಅವನ ನಾಟಕದಲ್ಲಿ ದೇವಿ ಆರ್ಟೆಮಿಸ್ ಅವಳನ್ನು ಇಂದಿನ ಕ್ರಿಮಿಯಾದ ತೌರಿಯರ ನಾಡಿಗೆ ಒಯ್ದು ತನ್ನ ಪೂಜಾರಿಣಿಯಾಗಿ ಇರಿಸಿದ್ದಾಳೆ. ಅಲ್ಲಿಗೆ ಬಂದ ಪರದೇಶಿಗಳನ್ನು ಬಲಿಗೆ ಸಿದ್ಧಗೊಳಿಸುವುದು ಅವಳ ಪಾಲಿನ ಕೆಲಸ. ತಮ್ಮ ಒರೆಸ್ಟಿಸ್ ಬರುತ್ತಾನೆ, ಅಕ್ಕ ಅರಸ ಥೋಆಸನಿಗೆ ಸುಳ್ಳು ಹೇಳಿ ಮೈಲಿಗೆಯಾದ ವಿಗ್ರಹವನ್ನು ಕಡಲಲ್ಲಿ ತೊಳೆಯುವ ನೆಪ ಹೂಡುತ್ತಾಳೆ, ವಿಗ್ರಹದ ಸಮೇತ ಇಬ್ಬರೂ ಪಾರಾಗುತ್ತಾರೆ.

ಪ್ರಹಸನಕಾರ ಈ ಚೌಕಟ್ಟನ್ನು ಎತ್ತಿ ಭಾರತದ ತೀರಕ್ಕೆ ತಂದಿಟ್ಟ. ಆದರೆ ಒಂದು ಕಡೆ ಅವನ ನಾಯಕಿ ಇಫಿಗೇನಿಯಾಳಿಗಿಂತ ಬೇರೆ. ಗುಡಿಯ ಕಾಣಿಕೆಗಳನ್ನೂ ದೋಚೋಣವೆಂದು ವಿದೂಷಕ ಹೇಳಿದಾಗ ಚಾರಿಷನ್ ತಡೆಯುತ್ತಾಳೆ: ಕಾಪಾಡೆಂದು ಬೇಡುವವರು ದೇವರ ಒಡವೆಗೆ ಕೈ ಹಾಕಬಾರದು. ಇಫಿಗೇನಿಯಾ ವಿಗ್ರಹವನ್ನೇ ಹೊತ್ತೊಯ್ದಳು. ಇವಳು ಒಂದು ಕಾಣಿಕೆಯನ್ನೂ ಮುಟ್ಟಗೊಡಲಿಲ್ಲ. ಹೂಸಿನ ನಗೆಯಲ್ಲಿ ತೇಲುವ ಕೃತಿಯಲ್ಲಿ ಗಂಭೀರವಾಗಿ ಮಾತಾಡುವ ಪಾತ್ರ ಇದು, ಅದರಲ್ಲೂ ತನ್ನನ್ನು ಬಲಿ ಕೇಳಿದ ಗುಡಿಯ ಪರವಾಗಿ. ಪ್ರಹಸನದ ನಿಜವಾದ ಹೊಸತನ ಅದರ ಕನ್ನಡದಲ್ಲಲ್ಲ, ಇಲ್ಲಿದೆ.

ಕನ್ನಡದ ಮಾತು ಎದ್ದದ್ದು 1904ರಲ್ಲಿ. ಅರಸನೂ ಅವನ ಪರಿವಾರವೂ ಆಡುವ, ಗ್ರೀಕ್ ಅಲ್ಲದ ಮಾತುಗಳಲ್ಲಿ ಶಾಸನತಜ್ಞ ಇ. ಹುಲ್ಟ್ಜ್ ಕನ್ನಡವನ್ನು ಗುರುತಿಸಿದರು. ‘ಬೆರೆ’ ಎಂಬುದು ಬೇರೆ, ‘ಕೊನ್ಜೆಯಿ’ ಎಂಬುದು ಕೊಂಚ, ‘ಪೆತ್ರೆಕಿಯೊ’ ಎಂಬುದು ಪಾತ್ರೆಗೆ. ಕುಡಿತದ ದೃಶ್ಯಕ್ಕೆ ಅರ್ಥ ಹೊಂದಿಕೊಂಡಿತು. ‘ಅರ್ಥಶಾಸ್ತ್ರ’ವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಇದನ್ನು ಬೆಂಬಲಿಸಿದರು, ಎಲ್.ಡಿ. ಬಾರ್ನೆಟ್ 1926ರಲ್ಲಿ ನಿರಾಕರಿಸಿದರು. ಗ್ರೀಕ್ ಬಲ್ಲ ಮಂಜೇಶ್ವರದ ಗೋವಿಂದ ಪೈಗಳೂ ಇದನ್ನು ಪರಿಶೀಲಿಸಿದರು. ಮುಂದೆ ಯು.ಪಿ. ಉಪಾಧ್ಯಾಯ, ಶಿವಪ್ರಸಾದ ರೈ ಇದು ತುಳು ಎಂದೂ, ಘಟನೆಯ ಸ್ಥಳ ಉಡುಪಿಯ ಬಳಿಯ ಮಲ್ಪೆ ಎಂದೂ ವಾದಿಸಿದರು. 5ನೆಯ ಶತಮಾನದ ಹಲ್ಮಿಡಿ ಶಾಸನದ ಕನ್ನಡವೇ ಇಂದಿನ ಕಿವಿಗೆ ದೂರದ್ದು. ಅದಕ್ಕಿಂತ ಶತಮಾನಗಳಷ್ಟು ಹಿಂದಿನ ಮಾತು ಇಂದಿನ ಕೊಂಚ, ಬೇರೆಗಳಷ್ಟು ಸಲೀಸಾಗಿ ತಿಳಿದುಬಿಡುವುದಾದರೆ ಅನುಮಾನ ಪಡುವುದೇ ಲೇಸು.

ಪ್ರಹಸನದ ರೇವು ಯಾವುದೆಂದು ಕೃತಿ ಹೇಳುವುದಿಲ್ಲ. ಆದರೆ ಗ್ರೀಕ್ ಹಡಗುಗಳು ಭಾರತದ ಪಶ್ಚಿಮ ಕರಾವಳಿಯಲ್ಲಿ ಸೆರೆ ಸಿಕ್ಕಿದ್ದು ಬರಿಯ ನಾಟಕವಲ್ಲ. ಕ್ರಿ.ಶ. 1ನೆಯ ಶತಮಾನದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿ ಬರಿಗಾಜಾ (ಇಂದಿನ ಭರೂಚ್) ರೇವಿನಲ್ಲಿ ಅರಸನಿಗೆಂದು ಇಳಿಸುತ್ತಿದ್ದ ಸರಕುಗಳಲ್ಲಿ ಉತ್ತಮ ದ್ರಾಕ್ಷಾರಸವನ್ನೂ ಅಂತಃಪುರಕ್ಕೆ ಚೆಲುವೆಯರನ್ನೂ ಸೇರಿಸುತ್ತದೆ. ಪ್ರಹಸನದಲ್ಲಿ ನಗೆಯಾಗಿ ಬರುವ ಎರಡೂ, ಹೆಣ್ಣು ಮತ್ತು ಮದ್ಯ, ಅಲ್ಲಿ ಹಡಗಿನ ಸರಕು. ಅದೇ ಕೈಪಿಡಿಯ ‘ಕಲ್ಲಿಯೇನ’ ಉಲ್ಹಾಸ್ ನದಿಯ ಕೊಲ್ಲಿಯ ದಡದ ಕಲ್ಯಾಣ. ಹಿರಿಯ ಸರಗನೇಸನೆಂಬ ಅರಸನ ಕಾಲದಲ್ಲಿ ಅದು ಕಾಯಿದೆಬದ್ಧ ಪೇಟೆಯಾಗಿತ್ತು. ಊರು ಸಂದನೇಸನೆಂಬ ಇನ್ನೊಬ್ಬ ಅರಸನ ವಶಕ್ಕೆ ಬಂದ ಮೇಲೆ ವ್ಯಾಪಾರ ತಡೆಬಿತ್ತು. ದಾರಿ ತಪ್ಪಿ ಕಲ್ಯಾಣಕ್ಕೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಬರಿಗಾಜಾಕ್ಕೆ ಕರೆದೊಯ್ಯಲಾಗುತ್ತಿತ್ತು.