ಮೊಟ್ಟೆ ಸಂರಕ್ಷಣಾ ವಿನ್ಯಾಸ ಚಟುವಟಿಕೆ: ಪ್ರೌಢಶಾಲೆಗಳಿಗೆ ಮಾಹಿತಿ

ಪೀಠಿಕೆ

ನಿಗದಿತ ಎತ್ತರದಿಂದ ಬೀಳುವ ಹಸಿ ಕೋಳಿಮೊಟ್ಟೆಯು ಒಡೆಯದಂತೆ ಕಾಪಾಡುವ ಸಾಧನವನ್ನು ವಿದ್ಯಾರ್ಥಿಗಳೇ ರೂಪಿಸಿ, ಪರೀಕ್ಷಿಸಿ, ಸುಧಾರಿಸುವುದು ಈ ಚಟುವಟಿಕೆಯ ಸ್ವರೂಪವಾಗಿದೆ. 9ನೇ ತರಗತಿಯ ವಿಜ್ಞಾನದಲ್ಲಿ ಬರುವ ಚಲನೆ, ಬಲ, ಗುರುತ್ವಾಕರ್ಷಣೆ ಹಾಗೂ ಶಕ್ತಿಯ ಪಾಠಗಳಿಗೆ ಇದು ಪೂರಕವಾಗಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಶಾಲೆಗಳಲ್ಲಿ ಸುತ್ತಮುತ್ತ ದೊರೆಯುವ ವಸ್ತುಗಳಿಂದಲೇ ಇದನ್ನು ಅಲ್ಪ ವೆಚ್ಚದಲ್ಲಿ ನಡೆಸಬಹುದು. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಾಚರಣೆಯು ಇದಕ್ಕೆ ಸೂಕ್ತ ಸಂದರ್ಭ.

ವೈಜ್ಞಾನಿಕ ಹಿನ್ನೆಲೆ

5 ಮೀಟರ್ ಎತ್ತರದಿಂದ ಬಿದ್ದ ವಸ್ತುವು ಸುಮಾರು 1 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 36 ಕಿ.ಮೀ. 55 ಗ್ರಾಂ ತೂಕದ ಮೊಟ್ಟೆಯು ಗಟ್ಟಿ ನೆಲದ ಮೇಲೆ 1 ಮಿ.ಮೀ. ಅಂತರದಲ್ಲಿ ನಿಂತರೆ ಅದರ ಮೇಲೆ ಸರಾಸರಿ ಸುಮಾರು 2,700 ನ್ಯೂಟನ್ ಬಲ ಬೀಳುತ್ತದೆ. ಅದೇ ಮೊಟ್ಟೆಯು ಮೆತ್ತೆಯೊಳಗೆ 5 ಸೆಂ.ಮೀ. ಚಲಿಸಿ ನಿಂತರೆ ಬಲವು ಸುಮಾರು 54 ನ್ಯೂಟನ್‌ಗೆ ಇಳಿಯುತ್ತದೆ. ಆದುದರಿಂದ ರಕ್ಷಣೆಗೆ ಎರಡು ಮಾರ್ಗಗಳಿವೆ: ಗಾಳಿಕೊಡೆಯಿಂದ ಬೀಳುವ ವೇಗವನ್ನು ತಗ್ಗಿಸುವುದು ಹಾಗೂ ಮೆತ್ತೆಯಿಂದ ನಿಲ್ಲುವ ಅಂತರವನ್ನು ಹೆಚ್ಚಿಸುವುದು.

ಸಾಮಗ್ರಿಗಳು

ಕಾಲುವೆ ನೀರಾವರಿಯುಳ್ಳ ಗ್ರಾಮಗಳಲ್ಲಿ ಭತ್ತದ ಹುಲ್ಲು ಮತ್ತು ಒಣಗಿದ ಕಬ್ಬಿನ ಸೋಗೆ, ಮಳೆಯಾಶ್ರಿತ ಗ್ರಾಮಗಳಲ್ಲಿ ರಾಗಿ ಹುಲ್ಲು ಮತ್ತು ತೆಂಗಿನ ನಾರು ಸುಲಭವಾಗಿ ದೊರೆಯುತ್ತವೆ. ಇವುಗಳ ಜೊತೆಗೆ ಹಳೆಯ ವೃತ್ತಪತ್ರಿಕೆ, ದಾರ ಹಾಗೂ ರಟ್ಟನ್ನು ಎಲ್ಲ ತಂಡಗಳಿಗೂ ಸಮನಾಗಿ ನೀಡಬೇಕು. ಮೊಟ್ಟೆಯೂ ಸೇರಿ ಸಾಧನದ ತೂಕ 250 ಗ್ರಾಂ ಮೀರದಂತೆ ಮಿತಿ ವಿಧಿಸುವುದು ಉಚಿತ.

ನಡೆಸುವ ವಿಧಾನ

1. ನಾಲ್ವರು ವಿದ್ಯಾರ್ಥಿಗಳ ತಂಡಗಳನ್ನು ರಚಿಸುವುದು.
2. ಪ್ರತಿ ತಂಡವೂ ಮೊದಲು ನಕ್ಷೆ ಬರೆದು, ಮೊಟ್ಟೆ ಏಕೆ ಉಳಿಯುವುದೆಂಬ ಕಾರಣವನ್ನು ದಾಖಲಿಸುವುದು.
3. ಸಾಧನ ತಯಾರಿಸಿ ತೂಕ ಮಾಡುವುದು.
4. ಮೊಟ್ಟೆಯನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸಾಧನದೊಳಗೆ ಇರಿಸುವುದು.
5. ಎಲ್ಲ ಸಾಧನಗಳನ್ನೂ ಒಂದೇ ಎತ್ತರದಿಂದ ಬೀಳಿಸಿ, ಬಿಚ್ಚಿ, ಬಿರುಕು ಎಲ್ಲಿ ಮೂಡಿದೆ ಎಂಬುದನ್ನು ಗುರುತಿಸುವುದು.
6. ಒಂದೇ ಒಂದು ಅಂಶವನ್ನು ಬದಲಿಸಿ, ಮತ್ತೊಂದು ಮೊಟ್ಟೆಯೊಂದಿಗೆ ಎರಡನೆಯ ಬಾರಿ ಪರೀಕ್ಷಿಸುವುದು.

ಆರನೆಯ ಹಂತವನ್ನು ಯಾವ ಕಾರಣಕ್ಕೂ ಕೈಬಿಡಬಾರದು. ಸಮಯ ಸಾಲದಿದ್ದಲ್ಲಿ ಅದನ್ನು ಮರುದಿನಕ್ಕೆ ಇರಿಸಿಕೊಳ್ಳಬಹುದು. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ 2019ರ ಸೆಪ್ಟೆಂಬರ್‌ನಲ್ಲಿ ಚಂದ್ರನ ಮೇಲೆ ರಭಸದಿಂದ ಅಪ್ಪಳಿಸಿತು. ಇಸ್ರೋ ವಿಜ್ಞಾನಿಗಳು ವೈಫಲ್ಯದ ಕಾರಣಗಳನ್ನು ಪರಿಶೀಲಿಸಿ, ಇತರ ಮಾರ್ಪಾಡುಗಳೊಂದಿಗೆ ಲ್ಯಾಂಡರ್‌ನ ಕಾಲುಗಳನ್ನೂ ಬಲಪಡಿಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಸುರಕ್ಷಿತವಾಗಿ ಇಳಿಯಿತು. ಒಡೆದ ಮೊಟ್ಟೆಯೂ ಇಂತಹುದೇ ಮಾಹಿತಿಯನ್ನು ನೀಡುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಮನವರಿಕೆ ಮಾಡಿಕೊಡಬೇಕು.

ಮೌಲ್ಯಮಾಪನ (ಒಟ್ಟು 50 ಅಂಕಗಳು)

- ನಕ್ಷೆ ಮತ್ತು ವಿವರಣೆ: 15
- ಮೊದಲ ಪರೀಕ್ಷೆಯ ದಾಖಲೆ: 10
- ಎರಡನೆಯ ವಿನ್ಯಾಸದಲ್ಲಿ ಸುಧಾರಣೆ: 15
- ಮೊಟ್ಟೆ ಉಳಿದಿರುವುದು: 10

ಮುನ್ನೆಚ್ಚರಿಕೆಗಳು

- ಬಿಸಿಯೂಟ ಯೋಜನೆಯಡಿ ಮಕ್ಕಳಿಗೆ ನೀಡುವ ಮೊಟ್ಟೆಗಳನ್ನು ಈ ಚಟುವಟಿಕೆಗೆ ಬಳಸಕೂಡದು. ಅವು ಮಕ್ಕಳ ಆಹಾರ. ಪ್ರತ್ಯೇಕವಾಗಿ ಖರೀದಿಸಬೇಕು. ತಂಡಕ್ಕೆ ಎರಡು ಮೊಟ್ಟೆ ಸಾಕು.
- ತಡೆಗೋಡೆಯಿಲ್ಲದ ಮಾಳಿಗೆಗೆ ವಿದ್ಯಾರ್ಥಿಗಳನ್ನು ಹತ್ತಿಸಬಾರದು. ಮೊದಲ ಮಹಡಿಯ ಕಟಾಂಜನವುಳ್ಳ ಪಡಸಾಲೆಯಿಂದ ಶಿಕ್ಷಕರೇ ಸಾಧನವನ್ನು ಬಿಡತಕ್ಕದ್ದು.
- ಒಂದೇ ಅಂತಸ್ತಿನ ಶಾಲೆಗಳಲ್ಲಿ ಮರದ ಗಟ್ಟಿ ಕೊಂಬೆಗೆ ರಾಟೆ ಕಟ್ಟಿ, ಹಗ್ಗದಿಂದ 3 ಮೀಟರ್ ಏರಿಸಿ, ಸಡಿಲ ಗಂಟನ್ನು ಎಳೆದು ಬೀಳಿಸಬಹುದು. ಧ್ವಜಸ್ತಂಭವನ್ನು ಬಳಸಬಾರದು.
- ಬೀಳುವ ಸ್ಥಳದ ಸುತ್ತ 3 ಮೀಟರ್ ದೂರದಲ್ಲಿ ಸುಣ್ಣದ ಪುಡಿಯಿಂದ ವೃತ್ತ ಎಳೆದು, ಒಳಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಬೇಕು.
- ಹಸಿ ಮೊಟ್ಟೆಯಲ್ಲಿ ರೋಗಾಣುಗಳಿರುವ ಸಂಭವವಿರುವುದರಿಂದ ಎಲ್ಲರೂ ಸಾಬೂನಿನಿಂದ ಕೈ ತೊಳೆಯಬೇಕು. ಬೀಳಿಸಿದ ಮೊಟ್ಟೆಯನ್ನು ತಿನ್ನಲು ಬಳಸದೆ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು.
- ಮೊಟ್ಟೆ ಮುಟ್ಟಲು ಇಚ್ಛಿಸದ ಅಥವಾ ಅದರಿಂದ ಅಲರ್ಜಿಯಾಗುವ ಮಕ್ಕಳಿಗೆ ಮಾಗಿದ ಟೊಮೆಟೊ ನೀಡಿ, ಅದೇ ನಿಯಮಗಳನ್ವಯ ಅವಕಾಶ ಕಲ್ಪಿಸಬೇಕು. ಇದಕ್ಕಾಗಿ ಯಾವ ಅಂಕವನ್ನೂ ಕಡಿತಗೊಳಿಸಬಾರದು.

ಚಟುವಟಿಕೆಯ ನಂತರ ತಂಡಗಳ ನಕ್ಷೆಗಳನ್ನು ಶಾಲೆಯಲ್ಲಿ ಕಾಯ್ದಿರಿಸಿದಲ್ಲಿ ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಅವು ಉಪಯುಕ್ತವಾಗುತ್ತವೆ.