ಸ್ವಂತ ಜಾಲತಾಣಗಳಲ್ಲಿ ಕೂಡಿಸಿದ ಉಪಕರಣಗಳು: ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸ್ಥಳಚರಿತ್ರೆಯ ದೃಷ್ಟಿಯಿಂದ

ಕೆಳದಿ ಅರಸರ ಚರಿತ್ರೆಯ ಮುಖ್ಯ ನೆಲೆಗಳಲ್ಲಿ ಕೆಳದಿ ಮತ್ತು ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿಯೂ, ಬಿದನೂರು ಹೊಸನಗರ ತಾಲ್ಲೂಕಿನಲ್ಲಿಯೂ, ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ ಇವೆ. ಈ ಸ್ಥಳಗಳನ್ನು ಕುರಿತು ಬರೆಯಬಯಸುವ ಅಧ್ಯಾಪಕರಾಗಲಿ ವಿದ್ಯಾರ್ಥಿಗಳಾಗಲಿ ಇಂದು ಮುದ್ರಣಾಲಯವನ್ನೇ ಕಾದುಕೊಂಡಿರಬೇಕಾಗಿಲ್ಲ. ಸ್ವಂತ ಜಾಲತಾಣವನ್ನು ತೆರೆದು, ಬರೆಹದ ಜೊತೆಗೆ ಅನ್ಯರು ಸಿದ್ಧಪಡಿಸಿದ ಭೂಪಟ, ವೀಡಿಯೊ, ಸಂದರ್ಶಕರ ಲೆಕ್ಕ ಮೊದಲಾದ ಉಪಕರಣಗಳನ್ನು ಕೂಡಿಸಬಹುದು. ವಿಜೆಟ್‌ಗಳೆಂದು ಹೆಸರಾದ ಇಂತಹ ಉಪಕರಣಗಳ ಬಳಕೆ ಬೆಳೆದುಬಂದ ಬಗೆಯನ್ನೂ, ಅದರಿಂದ ಚರಿತ್ರೆಯ ಆಧಾರಗಳ ಮೇಲಾಗುವ ಪರಿಣಾಮವನ್ನೂ ಈ ಲೇಖನದಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಕನ್ನಡದ ಜಾಲಪುಟಗಳಿಗೆ ಮೊದಮೊದಲು ಹೊರಗಿನಿಂದ ಒದಗಿಸಬೇಕಾಗಿ ಬಂದುದು ಭೂಪಟವಲ್ಲ, ಅಕ್ಷರವೇ. ಡಾ|| ಯು. ಬಿ. ಪವನಜ ಅವರ 'ವಿಶ್ವಕನ್ನಡ' ೧೯೯೬ರಲ್ಲಿ ಆರಂಭವಾದಾಗ ಓದುಗರ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡದ ಫಾಂಟ್ ಇರುತ್ತಿರಲಿಲ್ಲ. ೧೯೯೭ರಲ್ಲಿ ಬಂದ ಎರಡು ಪ್ರಮುಖ ಬ್ರೌಸರುಗಳು ಪುಟದೊಡನೆಯೇ ಫಾಂಟನ್ನೂ ತರಿಸಿಕೊಳ್ಳಬಲ್ಲವಾಗಿದ್ದರೂ, ಒಂದರ ವಿಧಾನ ಮತ್ತೊಂದಕ್ಕೆ ಹೊಂದುತ್ತಿರಲಿಲ್ಲ. ೨೦೦೧ರ ವಿಂಡೋಸ್ ಎಕ್ಸ್‌ಪಿಯೊಡನೆ ಯೂನಿಕೋಡ್ ಕ್ರಮದ ಕನ್ನಡ ಫಾಂಟೊಂದು ಬಂದಿತು. ತೀರ್ಥಹಳ್ಳಿಯ ಮಗ್ಗುಲಲ್ಲಿ ಹರಿಯುವ ನದಿಯ ಹೆಸರೇ ಅದರ ಹೆಸರು: ತುಂಗಾ. ಅಕ್ಷರವನ್ನು ಹೊರಗಿನಿಂದ ತರಿಸುವ ಅಗತ್ಯವು ಅಲ್ಲಿಂದ ಮುಂದೆ ಕ್ರಮೇಣ ಕಡಿಮೆಯಾಯಿತು.

ಭೂಪಟದ ಕಾಲ ಅನಂತರದ್ದು. ೨೦೦೫ರ ಫೆಬ್ರವರಿಯಲ್ಲಿ ಗೂಗಲ್ ಭೂಪಟ ಪ್ರಕಟವಾಯಿತು. ಅದೇ ಜೂನ್ ತಿಂಗಳಲ್ಲಿ ಅನ್ಯರೂ ಅದನ್ನು ತಮ್ಮ ತಾಣಗಳಲ್ಲಿ ಬಳಸುವ ಮಾರ್ಗ ತೆರೆಯಿತು. ೨೦೦೭ರಲ್ಲಿ ವರ್ಡ್‌ಪ್ರೆಸ್ಸಿನ ೨.೨ನೆಯ ಆವೃತ್ತಿಯು ವಿಜೆಟ್‌ಗಳನ್ನು ತನ್ನೊಳಗೇ ಅಳವಡಿಸಿಕೊಂಡಿತು. ಅದೇ ವರ್ಷ, ಕೆಲವು ಸಾಲುಗಳ ಸಂಕೇತವನ್ನು ನಕಲು ಮಾಡಿ ಅಂಟಿಸಿದರೆ ಸಾಕು, ಭೂಪಟವು ಪುಟದಲ್ಲಿ ಕಾಣಿಸುವಂತಾಯಿತು. ಆದರೆ ಆ ಸಾಲುಗಳಲ್ಲಿರುವುದು ಭೂಪಟವಲ್ಲ, ಅದು ದೊರೆಯುವ ವಿಳಾಸ ಮಾತ್ರ ಎಂಬುದನ್ನು ಮರೆಯಲಾಗದು. ಓದುಗನು ಪುಟವನ್ನು ತೆರೆದಾಗಲೆಲ್ಲ ಅವನ ಬ್ರೌಸರು ಆ ವಿಳಾಸಕ್ಕೆ ಹೋಗಿ, ಅಂದಿನ ಭೂಪಟವನ್ನು ತರುತ್ತದೆ.

ಇದರಿಂದ ಎರಡು ಪರಿಣಾಮಗಳುಂಟಾಗುತ್ತವೆ. ಮೊದಲನೆಯದು ಅಸ್ಥಿರತೆ. ಕೆಳದಿ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಹಿಡುವಳಿಗಳು ರೂಢಿಯಲ್ಲಿದ್ದುದು ಸುವಿದಿತ. ಕೂಡಿಸಿದ ಉಪಕರಣದ ಮೇಲೆ ತಾಣದವನಿಗಿರುವ ಹಕ್ಕು ಚಾಲಗೇಣಿಯದು. ಒಡೆಯನು ಬಿಡಿಸಿದೊಡನೆ ಬಿಡಬೇಕು. ಸ್ವಂತ ಪುಟಗಳಿಗೆ ಉಚಿತವಾಗಿ ಸ್ಥಳವಿತ್ತಿದ್ದ ಜಿಯೋಸಿಟೀಸ್ ೨೦೦೯ರ ಅಕ್ಟೋಬರಿನಲ್ಲಿ ಮುಚ್ಚಿತು. ೨೦೧೮ರ ಜುಲೈಯಿಂದ ಗೂಗಲ್ ಭೂಪಟವನ್ನು ಪ್ರೋಗ್ರಾಮಿನ ಮೂಲಕ ಬಳಸುವವರು ಕೀಲಿಸಂಖ್ಯೆಯನ್ನೂ ಹಣ ಪಾವತಿಯ ಖಾತೆಯನ್ನೂ ಹೊಂದಿರಬೇಕಾಯಿತು. ಇಲ್ಲದ ಪುಟಗಳಲ್ಲಿ ಭೂಪಟ ಮಸುಕಾಯಿತು. ೨೦೨೦ರ ಕೊನೆಗೆ ಫ್ಲಾಶ್ ತಂತ್ರಕ್ಕೆ ಬೆಂಬಲ ನಿಂತುದರಿಂದ, ಅದನ್ನು ನಂಬಿದ್ದ ಚಲಚ್ಚಿತ್ರಗಳೂ ಆಟಗಳೂ ಸ್ತಬ್ಧವಾದವು.

ಎರಡನೆಯ ಪರಿಣಾಮವು ಇದಕ್ಕಿಂತಲೂ ಗಹನವಾದುದು. ಕಾಣೆಯಾದ ಉಪಕರಣದ ಜಾಗದಲ್ಲಿ ಬರಿದಾದರೂ ಕಾಣುತ್ತದೆ. ಬದಲಾದ ಉಪಕರಣವು ಯಾವ ಸುಳಿವನ್ನೂ ಕೊಡುವುದಿಲ್ಲ. ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದವು. ಅದರಿಂದ ಈಚೆ ದಡದ ತುಮರಿ, ಸಿಗಂದೂರುಗಳ ಜನ ಅರ್ಧ ಶತಮಾನಕ್ಕೂ ಮೀರಿ ಲಾಂಚನ್ನು ಅವಲಂಬಿಸಬೇಕಾಯಿತು. ೨೦೨೫ರ ಜುಲೈ ೧೪ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಉದ್ಘಾಟನೆಯಾಯಿತು. ಲಾಂಚಿನ ಕಾಲದ ಕಷ್ಟವನ್ನು ಕುರಿತು ೨೦೧೫ರಲ್ಲಿ ಒಬ್ಬರು ಬರೆದು, ಸಾಕ್ಷಿಯಾಗಿ ಸಜೀವ ಭೂಪಟವೊಂದನ್ನು ಕೂಡಿಸಿದ್ದರೆಂದು ಭಾವಿಸೋಣ. ಭೂಪಟದ ಒಡೆಯರು ಸೇತುವೆಯನ್ನು ಗುರುತಿಸಿದ ಕ್ಷಣವೇ ಆ ಹಳೆಯ ಪುಟದಲ್ಲಿಯೂ ಸೇತುವೆ ಮೂಡುತ್ತದೆ. ಬರೆದವರ ಒಂದಕ್ಷರವೂ ಬದಲಾಗದಿದ್ದರೂ ಅವರ ಸಾಕ್ಷಿಯೇ ಅವರ ಮಾತಿಗೆ ವಿರುದ್ಧವಾಗಿ ನಿಲ್ಲುತ್ತದೆ. ಹಾಗೆಯೇ ಹೈದರನು ೧೭೬೩ರಲ್ಲಿ ಗೆದ್ದ ಬಿದನೂರನ್ನು ಇಂದಿನ ಭೂಪಟವು ನಗರವೆಂದೇ ಹೇಳುತ್ತದೆ. ಮುಳುಗಿದ ಊರಿನ ಸ್ಥಾನದಲ್ಲಿ ನೀರನ್ನಷ್ಟೇ ತೋರಿಸುತ್ತದೆ.

ಆದಕಾರಣ ಇವುಗಳನ್ನು ವರ್ಜಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಓದುಗನಿಗೆ ದಾರಿ ತೋರಿಸಲು ಅವು ಉಪಯುಕ್ತವೇ ಸರಿ. ಆದರೆ ಅವನ್ನು ಆಧಾರವೆಂದು ಎಣಿಸಲಾಗದು. ಸ್ಥಳದ ಹಳೆಯ ಮತ್ತು ಹೊಸ ಹೆಸರು, ತಾಲ್ಲೂಕು, ನೋಡಿದ ದಿನಾಂಕ ಇವುಗಳನ್ನು ಲೇಖಕರು ತಮ್ಮ ಮಾತಿನಲ್ಲಿಯೇ ಬರೆದಿಡಬೇಕು. ಪರವಾನಗಿ ಇರುವಲ್ಲಿ ಅಂದಿನ ಭೂಪಟದ ಸ್ಥಿರಚಿತ್ರವನ್ನು ದಿನಾಂಕಸಹಿತವಾಗಿ ತಮ್ಮ ತಾಣದಲ್ಲಿಯೇ ಉಳಿಸಬೇಕು. ೨೦೦೪ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್, ತನ್ನ ಹೆಸರನ್ನು ಸೂಚಿಸಿದರೆ, ಇದಕ್ಕೆ ಅವಕಾಶವೀಯುತ್ತದೆ. ಪುಟದ ಪ್ರತಿಯೊಂದನ್ನು ಇಂಟರ್ನೆಟ್ ಆರ್ಕೈವಿನಲ್ಲಿಯೂ, ಮುದ್ರಿತ ಪ್ರತಿಯೊಂದನ್ನು ಕಾಲೇಜಿನ ಗ್ರಂಥಾಲಯದಲ್ಲಿಯೂ ಇರಿಸುವುದು ಯುಕ್ತ. ಮುಳುಗಡೆಯ ಊರುಗಳನ್ನು ಕಣ್ಣಾರೆ ಕಂಡಿದ್ದವರ ಸಂಖ್ಯೆ ವರ್ಷ ವರ್ಷಕ್ಕೂ ಕುಗ್ಗುತ್ತಿರುವಾಗ, ಅವರಿಂದ ಕೇಳಿ ಬರೆದುಕೊಂಡುದನ್ನು ಅನ್ಯರ ಅಧೀನದ ಉಪಕರಣಕ್ಕೆ ಒಪ್ಪಿಸಿ ನಿಶ್ಚಿಂತರಾಗಿರುವಂತಿಲ್ಲ.