ನಾಯಿಯ ಬೆಲೆ ಎಷ್ಟು ಸಾರ್?

ಕೆಲವು ವರ್ಷಗಳ ಹಿಂದೆ ನಮ್ಮ ಕೆಂಚ ಕಳೆದುಹೋದಾಗ ದೂರು ಬರೆದುಕೊಳ್ಳಲು ಕೂತವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು: "ನಾಯಿ ಬೆಲೆ ಎಷ್ಟು ಸಾರ್?"

ಏನು ಹೇಳಲಿ? ಕೆಂಚ ಜಾತಿನಾಯಿಯಲ್ಲ. ಒಂದು ಮಳೆಗಾಲದ ರಾತ್ರಿ ನಮ್ಮ ಗೇಟಿನ ಪಕ್ಕ ನಡುಗುತ್ತಾ ಕೂತಿದ್ದ ಮರಿ. ದುಡ್ಡು ಕೊಟ್ಟು ತಂದದ್ದಲ್ಲ. "ಬೆಲೆ ಅಂತ ಏನೂ ಇಲ್ಲ" ಅಂದೆ. ಅವರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಬರುತ್ತೆ ಬಿಡಿ ಸಾರ್, ಎಲ್ಲೋ ಅಲೀತಿರುತ್ತೆ."

ಮೂರನೇ ದಿನ ಒಬ್ಬ ಹುಡುಗ ಬಂದ. ನಾನು ಕಂಬಕ್ಕೆ ಅಂಟಿಸಿದ್ದ ಚೀಟಿ ಅವನ ಕೈಯಲ್ಲಿತ್ತು. ನಾಯಿ ಎಲ್ಲಿದೆ ಅಂತ ತನಗೆ ಗೊತ್ತು, ಆದರೆ ಇಟ್ಟುಕೊಂಡವರು ಎರಡು ಸಾವಿರ ಕೇಳುತ್ತಿದ್ದಾರೆ ಅಂದ. ನಾನು ಚೌಕಾಸಿ ಮಾಡದೆ ಕೊಟ್ಟೆ. ಅರ್ಧ ಗಂಟೆಯಲ್ಲಿ ಕೆಂಚ ಮನೆಯಲ್ಲಿದ್ದ. ಅಮ್ಮ ಕಣ್ಣೊರೆಸಿಕೊಳ್ಳುತ್ತಾ ಅವನಿಗೆ ಹಾಲನ್ನ ಕಲೆಸಿದರು. ಎಲ್ಲ ಸುಖಾಂತ್ಯ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ನಾನು ಕೊಟ್ಟದ್ದು ಇನಾಮೋ, ಒತ್ತೆಹಣವೋ?

ಈ ಪ್ರಶ್ನೆಯ ಬೆನ್ನು ಹತ್ತಿ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ನೂರಾ ಎಂಬತ್ತು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಒಬ್ಬ ಕವಯಿತ್ರಿ ಇದೇ ಸಂಕಟದಲ್ಲಿ ಬಿದ್ದಿದ್ದಳು ಅಂತ ಗೊತ್ತಾಯಿತು.

ಆಕೆ ಎಲಿಜಬೆತ್ ಬ್ಯಾರೆಟ್. ವಿಂಪೋಲ್ ಸ್ಟ್ರೀಟಿನ ಮನೆಯಲ್ಲಿ ವರ್ಷಗಟ್ಟಲೆ ಕಾಯಿಲೆಯಿಂದ ಕೋಣೆ ಬಿಟ್ಟು ಹೊರಬರದೆ ಇದ್ದವಳು. ಆ ಕೋಣೆಯ ಸಂಗಾತಿ ಫ್ಲಷ್ ಎಂಬ ಕಾಕರ್ ಸ್ಪ್ಯಾನಿಯಲ್. ಲೇಖಕಿ ಮೇರಿ ರಸೆಲ್ ಮಿಟ್‌ಫರ್ಡ್ ಕೊಟ್ಟ ಉಡುಗೊರೆ. ಈ ಫ್ಲಷ್ ಒಂದಲ್ಲ ಎರಡಲ್ಲ, ಮೂರು ಸಲ ಕಳುವಾಯಿತು! 1843, 1844, ಆಮೇಲೆ 1846ರ ಸೆಪ್ಟೆಂಬರಿನಲ್ಲಿ. ಕೊನೆಯ ಸಲ ಅದು ಮಾಯವಾದದ್ದು ಎಲಿಜಬೆತ್ ಅಂಗಡಿ ಬೀದಿಯಲ್ಲಿ ಗಾಡಿ ಹತ್ತುತ್ತಿದ್ದಾಗ, ಕಣ್ಣು ಮಿಟುಕಿಸುವಷ್ಟರಲ್ಲಿ.

ಆ ಕಾಲದ ಲಂಡನ್ನಿನಲ್ಲಿ ಇದೊಂದು ಕಸುಬೇ ಆಗಿತ್ತು. ಊರಿನ ಬಡಜನರ ಬದುಕನ್ನೆಲ್ಲ ದಾಖಲಿಸಿದ ಹೆನ್ರಿ ಮೇಹ್ಯೂ ನಾಯಿಗಳ್ಳರನ್ನೂ ಬಿಟ್ಟಿಲ್ಲ. ಜೇಬಿನಲ್ಲಿ ಹುರಿದ ಲಿವರ್ ಇಟ್ಟುಕೊಂಡು ಶ್ರೀಮಂತರ ಬೀದಿಗಳಲ್ಲಿ ಸುತ್ತುವುದು, ವಾಸನೆಗೆ ಹಿಂದೆ ಬಿದ್ದ ನಾಯಿಯನ್ನು ಕೊಳೆಗೇರಿಗೆ ಸಾಗಿಸುವುದು, ಆಮೇಲೆ 'ಮಧ್ಯವರ್ತಿ'ಯನ್ನು ಕಳಿಸುವುದು. ಕಳ್ಳರು ಕೇಳುತ್ತಿದ್ದದ್ದು ನಾಯಿಯ ಮಾರುಕಟ್ಟೆ ದರವನ್ನಲ್ಲ. ಮನೆಯವರು ಎಷ್ಟು ಅಳುತ್ತಿದ್ದಾರೆ ಅನ್ನುವುದರ ಮೇಲೆ ದರ!

ಕಾನೂನು ಏನು ಮಾಡುತ್ತಿತ್ತು ಅಂತೀರಾ? ಇಲ್ಲೇ ಇರುವುದು ತಮಾಷೆ. ಇಂಗ್ಲೆಂಡಿನ ಹಳೆಯ ಸಂಪ್ರದಾಯದ ಕಾನೂನಿನ ಪ್ರಕಾರ ನಾಯಿಯನ್ನು ಕದಿಯುವುದು ಕಳ್ಳತನವೇ ಅಲ್ಲ! ಕುದುರೆ ಕದ್ದರೆ ಕಳ್ಳತನ, ಕೋಳಿ ಕದ್ದರೆ ಕಳ್ಳತನ. ನಾಯಿ ಮಾತ್ರ ತಿನ್ನಲು ಬಾರದ, ಬರೀ ಶೋಕಿಗೆ ಸಾಕುವ 'ಕೀಳು ಸ್ವಭಾವದ' ಪ್ರಾಣಿ ಅಂತ ಕಾನೂನು ಪಂಡಿತ ಬ್ಲ್ಯಾಕ್‌ಸ್ಟೋನ್ 1769ರಲ್ಲಿ ಬರೆದ. ಆದರೆ ಅದರ ಕೊರಳಪಟ್ಟಿ ಸೊತ್ತು. ಅದನ್ನು ಕದ್ದರೆ ಕಳ್ಳತನ. ಇದರ ಹಿಂದೆ ಒಂದು ಕರುಣೆಯ ವಾದವೂ ಇತ್ತು ಅನ್ನಿ. ಕಳ್ಳತನಕ್ಕೆ ನೇಣು ಹಾಕುತ್ತಿದ್ದ ಕಾಲ ಅದು. ಒಂದು ನಾಯಿಗೋಸ್ಕರ ಮನುಷ್ಯನ ಪ್ರಾಣ ಹೋಗಬಾರದು ಅನ್ನುವುದು ನ್ಯಾಯಾಧೀಶರ ಯೋಚನೆ.

1770ರಲ್ಲಿ ನಾಯಿಗಳ್ಳರಿಗೆಂದೇ ಒಂದು ಬೇರೆ ಕಾನೂನು ಬಂತು. ಹಾವಳಿ ನಿಲ್ಲಲಿಲ್ಲ. 1844ರಲ್ಲಿ ಪಾರ್ಲಿಮೆಂಟು ಇದಕ್ಕಾಗಿಯೇ ಸಮಿತಿ ಕೂರಿಸಿತು. ಮರುವರ್ಷ, 1845ರಲ್ಲಿ, ಹೊಸ ಕಾನೂನು. ಇದರಲ್ಲಿ ಒಂದು ಜಾಣ ಅಂಶವಿತ್ತು: ಕದ್ದ ನಾಯಿಯನ್ನು ಹುಡುಕಿಕೊಡುವ ನೆಪದಲ್ಲಿ ದುರುದ್ದೇಶದಿಂದ ಹಣ ತೆಗೆದುಕೊಳ್ಳುವುದೂ ಅಪರಾಧ. ಅಂದರೆ ಮಧ್ಯವರ್ತಿಯ ಬುಡಕ್ಕೇ ಕೊಡಲಿ.

ಈಗ ಮತ್ತೆ ಎಲಿಜಬೆತ್ ಕಡೆ ಬನ್ನಿ. ಅವಳ ನಾಯಿ ಮೂರನೇ ಸಲ ಹೋದದ್ದು ಈ ಕಾನೂನು ಬಂದ ಮರುವರ್ಷ! ಅವಳು ಪೊಲೀಸರ ಹತ್ತಿರ ಹೋಗಲಿಲ್ಲ. ಚೌಕಾಸಿ ಮಾಡಿದ ಒಬ್ಬ ಹೆಂಗಸಿಗೆ ಅವಳ ನಾಯಿಯ ತಲೆ ಪಾರ್ಸೆಲ್ಲಿನಲ್ಲಿ ಬಂತು ಎಂಬ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಅಪ್ಪ ದುಡ್ಡು ಕೊಡಕೂಡದು ಅಂದ. ಅವಳು ಮದುವೆಯಾಗಲಿದ್ದ ಕವಿ ರಾಬರ್ಟ್ ಬ್ರೌನಿಂಗ್ ಕೂಡ, ಕಳ್ಳರಿಗೆ ಮಣಿದರೆ ನಾಳೆ ಇನ್ನೊಬ್ಬರ ನಾಯಿ ಹೋಗುತ್ತೆ ಅಂತ ಪತ್ರದಲ್ಲಿ ವಾದಿಸಿದ. ದರೋಡೆಕೋರರು ನನ್ನನ್ನೇ ಹಿಡಿದಿಟ್ಟಿದ್ದರೂ ಹೀಗೇ ಅನ್ನುತ್ತಿದ್ದೆಯಾ ಅನ್ನುವ ಧಾಟಿಯಲ್ಲಿ ಅವಳ ಉತ್ತರ! ಕೊನೆಗೆ ಆ ಕಾಯಿಲೆಯ ಹೆಂಗಸು ಮನೆಗೆಲಸದ ವಿಲ್ಸನ್‌ಳನ್ನು ಕರೆದುಕೊಂಡು, ಗಾಡಿ ಮಾಡಿಸಿಕೊಂಡು ತಾನೇ ಕೊಳೆಗೇರಿಗೆ ಹೋದಳು, ಕಳ್ಳರ ನಾಯಕ ಟೇಲರನ ಮನೆ ಹುಡುಕಿಕೊಂಡು. ಆರು ಗಿನಿ ಕೊಟ್ಟ ಮೇಲೆ ಫ್ಲಷ್ ವಾಪಸ್ಸು ಬಂತು. ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 12ರಂದು, ಅವಳು ಗುಟ್ಟಾಗಿ ಬ್ರೌನಿಂಗನನ್ನು ಮದುವೆಯಾಗಿ, ವಾರದ ನಂತರ ನಾಯಿ ಸಮೇತ ಇಟಲಿಗೆ ಹೊರಟೇಬಿಟ್ಟಳು. ನಾಯಿಗೋಸ್ಕರ ಹೊಸ್ತಿಲು ದಾಟಿದವಳಿಗೆ ಆಮೇಲೆ ಮನೆ ಬಿಡುವುದು ಅಷ್ಟೇನೂ ಕಷ್ಟವಾಗಿರಲಿಕ್ಕಿಲ್ಲ ಅಂತ ನನ್ನ ಊಹೆ.

ಬ್ರೌನಿಂಗ್ ಹೇಳಿದ್ದು ಸುಳ್ಳಲ್ಲ. ಎಲಿಜಬೆತ್ ಮಾಡಿದ್ದು ತಪ್ಪು ಅನ್ನಲೂ ನನಗೆ ಬಾಯಿ ಬರುವುದಿಲ್ಲ.

ಅಂದಹಾಗೆ, ಇದೇ ಬ್ರಿಟಿಷರು ನಮ್ಮ ದೇಶಕ್ಕೆ ಕಾನೂನು ಬರೆದಾಗ ಏನಾಯಿತು ಗೊತ್ತೇ? ಮೆಕಾಲೆ ನೇತೃತ್ವದಲ್ಲಿ 1837ರಲ್ಲಿ ಕರಡಾಗಿ, 1860ರಲ್ಲಿ ಅಂಗೀಕಾರವಾದ ಭಾರತೀಯ ದಂಡ ಸಂಹಿತೆಯ 378ನೇ ಕಲಮು ಕಳ್ಳತನ ಎಂದರೇನು ಅಂತ ವಿವರಿಸುತ್ತದೆ. ಅದರ ಎರಡನೇ ಉದಾಹರಣೆಯೇ ನಾಯಿ! ಒಬ್ಬ ಜೇಬಿನಲ್ಲಿ ನಾಯಿಗೆ ಆಮಿಷ ಇಟ್ಟುಕೊಂಡು ಹೋಗುತ್ತಾನೆ. ಇನ್ನೊಬ್ಬನ ನಾಯಿ ಹಿಂದೆ ಬರಲು ಶುರು ಮಾಡಿದ ಕ್ಷಣದಲ್ಲೇ, ಉದ್ದೇಶ ಅಪ್ರಾಮಾಣಿಕವಾಗಿದ್ದರೆ, ಕಳ್ಳತನ ಪೂರ್ಣ. ಇಂಗ್ಲೆಂಡಿನಲ್ಲಿ ನಾಯಿ ಉಳಿದ ಸೊತ್ತುಗಳ ಸಾಲಿಗೆ ಬರಲು 1968ರ ಕಾನೂನಿನ ತನಕ ಕಾಯಬೇಕಾಯಿತು. ನಾವು ನೂರು ವರ್ಷ ಮುಂದೆ!

ಅತ್ತ ಅಮೆರಿಕದಲ್ಲಿ ನಾಯಿಗಳ್ಳರಿಗೆ ಬೇರೆ ಗಿರಾಕಿಗಳಿದ್ದರು: ಪ್ರಯೋಗಾಲಯಗಳು. 1965ರಲ್ಲಿ ಪೆನ್ಸಿಲ್ವೇನಿಯಾದ ಒಂದು ಮನೆಯ ಪೆಪ್ಪರ್ ಎಂಬ ಡಾಲ್ಮೇಶನ್ ಕಾಣೆಯಾಯಿತು. ಮನೆಯವರು ಅದರ ಜಾಡು ಹಿಡಿದು ನ್ಯೂಯಾರ್ಕ್ ರಾಜ್ಯದ ಒಬ್ಬ ನಾಯಿ ವ್ಯಾಪಾರಿಯ ತನಕ ಹೋದರು, ಒಳಗೆ ಬಿಡಲಿಲ್ಲ. ಸಂಸದ ಜೋಸೆಫ್ ರೆಸ್ನಿಕ್ ಹೇಳಿದರೂ ಕೇಳಲಿಲ್ಲ. ಅಷ್ಟರಲ್ಲಿ ಪೆಪ್ಪರ್ ಆಸ್ಪತ್ರೆಯೊಂದರ ಪ್ರಯೋಗದಲ್ಲಿ ಸತ್ತುಹೋಗಿತ್ತು. ರೆಸ್ನಿಕ್ ಮಸೂದೆ ತಂದರು. 1966ರ ಫೆಬ್ರವರಿಯಲ್ಲಿ ಲೈಫ್ ಪತ್ರಿಕೆ ಇಂಥ ವ್ಯಾಪಾರಿಗಳ ಗೂಡುಗಳ ಚಿತ್ರಗಳನ್ನು ಛಾಪಿಸಿದಾಗ ದೇಶವೇ ಕೆರಳಿತು. ಆಗಸ್ಟ್ 24, 1966ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಕಾನೂನು ವ್ಯಾಪಾರಿಗಳಿಗೆ ಲೈಸೆನ್ಸು, ದಾಖಲೆ ಎಲ್ಲ ಕಡ್ಡಾಯ ಮಾಡಿತು. ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆ ಹುಟ್ಟಿದ್ದು ಒಂದು ನಾಯಿಯ ಕಳುವಿನಿಂದ!

ಕಾಕತಾಳೀಯ ನೋಡಿ, 2024ರ ಅದೇ ಆಗಸ್ಟ್ 24ರಂದು ಇಂಗ್ಲೆಂಡಿನಲ್ಲಿ ಹೊಸ ಕಾನೂನು ಜಾರಿಗೆ ಬಂತು. ಅದು ನಾಯಿ ಬೆಕ್ಕುಗಳ ಕಳುವನ್ನು 'ಕಳ್ಳತನ' ಅನ್ನುವುದಿಲ್ಲ, 'ಅಪಹರಣ' ಅನ್ನುತ್ತದೆ. ಐದು ವರ್ಷದ ತನಕ ಜೈಲು. ನಾಯಿ ಸೊತ್ತೇ ಅಲ್ಲ ಅಂದವರು, ಸೊತ್ತು ಅಂತ ಒಪ್ಪಿ, ಕೊನೆಗೆ ಬರೀ ಸೊತ್ತಲ್ಲ ಅನ್ನುವಲ್ಲಿಗೆ ಬಂದು ನಿಂತರು.

ನಾವು? ಅದೇ ವರ್ಷ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಅದರ 303ನೇ ಕಲಮಿನಲ್ಲಿ ಜೇಬಿನ ಆಮಿಷದ ಆ ನಾಯಿ ಹಾಗೇ ಇದೆ, ಸಂತೋಷ. ಆದರೆ ಜೊತೆಗೊಂದು ಹೊಸ ಮಾತೂ ಸೇರಿದೆ: ಕಳುವಾದದ್ದರ ಬೆಲೆ ಐದು ಸಾವಿರಕ್ಕಿಂತ ಕಡಿಮೆಯಿದ್ದು, ಕಳ್ಳ ಮೊದಲ ಸಲ ತಪ್ಪಿತಸ್ಥನಾಗಿ, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಹೊಟ್ಟೆಪಾಡಿಗೆ ಕದ್ದವನನ್ನು ಜೈಲಿಗೆ ಹಾಕದಿರುವುದು ಒಳ್ಳೆಯದೇ. ಆದರೆ ಕೆಂಚನ ಬೆಲೆ ಎಷ್ಟು ಅಂತ ಬರೆಯುವುದು? ಮತ್ತೆ ಅದೇ ಪ್ರಶ್ನೆ...

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಈಗ ನಾನೂ ಒಂದಿಷ್ಟು ಎಚ್ಚರ ಕಲಿತಿದ್ದೇನೆ. ಕೆಂಚನ ಚರ್ಮದಡಿ ಮೈಕ್ರೋಚಿಪ್ ಹಾಕಿಸಿದ್ದೇನೆ. ಲಸಿಕೆ ಪುಸ್ತಕ, ಡಾಕ್ಟರ ಚೀಟಿಗಳು, ಅವನ ಜೊತೆ ನಾನಿರುವ ಫೋಟೋ ಒಂದೇ ಕಡೆ ಇಟ್ಟಿದ್ದೇನೆ. ಅಂಗಡಿ ಮುಂದೆ ಕಟ್ಟಿ ಒಳಗೆ ಹೋಗುವುದಿಲ್ಲ. ಇನ್ನೊಂದು ಸಲ ಚೀಟಿ ಅಂಟಿಸುವ ಸಂದರ್ಭ ಬಂದರೆ (ಬಾರದಿರಲಿ!) ಅವನ ಎಲ್ಲ ಗುರುತುಗಳನ್ನೂ ಅದರಲ್ಲಿ ಬರೆಯುವುದಿಲ್ಲ. ಹೊಟ್ಟೆಯ ಬಳಿಯ ಆ ಬಿಳಿ ಮಚ್ಚೆ ನಮಗಷ್ಟೇ ಗೊತ್ತಿರಲಿ. ನಾಯಿ ಸಿಕ್ಕಿದೆ ಅನ್ನುವವರನ್ನು ಅದನ್ನು ಕೇಳಬಹುದು.

ಇಷ್ಟೆಲ್ಲ ಓದಿಯೂ, ನಾಳೆ ಆ ಹುಡುಗ ಮತ್ತೆ ಬಂದು ಎರಡು ಸಾವಿರ ಕೇಳಿದರೆ? ಬ್ರೌನಿಂಗನ ವಾದವೆಲ್ಲ ತಲೆಯಲ್ಲಿರುತ್ತದೆ, ಕೈ ಮಾತ್ರ ಜೇಬಿಗೆ ಹೋಗುತ್ತದೆ ಅಂತ ಕಾಣುತ್ತೆ. ಒಂದು ವ್ಯತ್ಯಾಸ ಉಂಟು. ಕೆಂಚ ಮನೆ ಸೇರಿದ ಮೇಲೆ ಈ ಸಲ ನಾನು ಸುಮ್ಮನೆ ಮಲಗುವುದಿಲ್ಲ, ಹೋಗಿ ದೂರು ಬರೆಸುತ್ತೇನೆ. ಬೆಲೆ ಎಷ್ಟು ಅಂತ ಕೇಳಿದರೆ, ಕಳ್ಳ ಎಷ್ಟು ಕಟ್ಟಿದ್ದಾನೆ ಅಂತ ಹೇಳಿ, ನಾನು ಕಟ್ಟಲಾರೆ ಅಂತಲೂ ಸೇರಿಸಿ ಬರುತ್ತೇನೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?